ಉಕ್ಕಿಗೆ ಇಂಗಾಲದ ಪಟ್ಟಿ: ನಡುವೆ ಇರುವ ಅಂಟು

ಭದ್ರಾವತಿಯಲ್ಲಿ ಕಬ್ಬಿಣದ ಉತ್ಪಾದನೆ ಆರಂಭವಾದದ್ದು 1923ರಲ್ಲಿ. ಆ ಊರಿನವರಿಗೆ ಉಕ್ಕಿನ ಶತ್ರು ಯಾವುದೆಂದು ಹೇಳಿಕೊಡಬೇಕಾಗಿಲ್ಲ. ತುಕ್ಕು ತಿಂದು ತೆಳುವಾದ ಅಥವಾ ಮೊದಲಿಗಿಂತ ಹೆಚ್ಚು ಭಾರ ಹೊರಬೇಕಾದ ಉಕ್ಕಿನ ತೊಲೆಯನ್ನು ಕಿತ್ತುಹಾಕದೆ ಬಲಪಡಿಸುವುದು ಹೇಗೆ?

ಇನ್ನೊಂದು ಉಕ್ಕಿನ ಹಲಗೆಯನ್ನು ಬೆಸೆಯುವುದು ಇಲ್ಲವೆ ಬೋಲ್ಟ್ ಹಾಕುವುದು ಹಳೆಯ ಕ್ರಮ. ಆದರೆ ಹಲಗೆ ಭಾರ. ಬೋಲ್ಟಿನ ತೂತು ತೊಲೆಯನ್ನೇ ಸೊರಗಿಸುತ್ತದೆ. ಇಂಗಾಲದ ನಾರಿನ ಪಟ್ಟಿ ಉಕ್ಕಿನ ಐದನೆಯ ಒಂದು ಭಾಗದಷ್ಟೇ ತೂಗುತ್ತದೆ. ಬೆಂಗಳೂರಿನಲ್ಲಿ 2001ರಲ್ಲಿ ಮೊದಲು ಹಾರಿದ, ಮುಂದೆ ತೇಜಸ್ ಎಂದು ಹೆಸರಾದ ವಿಮಾನದ ರೆಕ್ಕೆಯೂ ಇದೇ ಜಾತಿಯ ವಸ್ತುವಿನದು. ಇಂಗ್ಲೆಂಡಿನ ಟಿಕ್‌ಫರ್ಡ್ ಸೇತುವೆ 1810ರ ಎರಕದ ಕಬ್ಬಿಣದ್ದು. 1999ರಲ್ಲಿ ಅದನ್ನು ಇಂಗಾಲದ ನಾರಿನಿಂದ ಬಲಪಡಿಸಿದರು.

ಈ ಪಟ್ಟಿಯನ್ನು ಕಾಂಕ್ರೀಟಿಗೆ ಅಂಟಿಸಿ ಎಳೆದರೆ ಸಾಮಾನ್ಯವಾಗಿ ಕಾಂಕ್ರೀಟಿನ ಪದರವೇ ಕಿತ್ತು ಬರುತ್ತದೆ. ಉಕ್ಕು ಹಾಗೆ ಕಿತ್ತುಬರುವ ವಸ್ತುವಲ್ಲ. ಇಲ್ಲಿ ಎಲ್ಲಕ್ಕಿಂತ ದುರ್ಬಲವಾದದ್ದು ನಡುವಿನ ಒಂದೆರಡು ಮಿಲಿಮೀಟರ್ ಅಂಟು. ಆದ್ದರಿಂದ ಎಂಜಿನಿಯರ್ ಮೊದಲು ಲೆಕ್ಕ ಹಾಕಬೇಕಾದುದು ಅಂಟನ್ನು.

ಅಂಟೆಂದರೆ ಎಪಾಕ್ಸಿ: ಒಂದು ಡಬ್ಬಿಯಲ್ಲಿ ರಾಳ, ಇನ್ನೊಂದರಲ್ಲಿ ಗಟ್ಟಿಕಾರಕ. ತಯಾರಕರು ಹೇಳಿದ ಪ್ರಮಾಣದಲ್ಲೇ ಬೆರೆಸಬೇಕು. ಗಟ್ಟಿಕಾರಕ ಹೆಚ್ಚು ಸುರಿದರೆ ಅಂಟು ಬೇಗ ಗಟ್ಟಿಯಾಗುತ್ತದೆಂಬ ನಂಬಿಕೆ ತಪ್ಪು. ಜೊತೆ ಸಿಗದ ಅಣುಗಳು ಉಳಿದು ಅಂಟು ಮೆತ್ತಗಾಗುತ್ತದೆ.

ಉಕ್ಕಿನ ಮೈಯನ್ನು ಉಪ್ಪುಕಾಗದದಿಂದ ಉಜ್ಜಿದರೆ ಸಾಲದು. ಹರಳಿನ ಚೂರುಗಳನ್ನು ಗಾಳಿಯ ರಭಸದಲ್ಲಿ ಎರಚಿ, ಬೆಳ್ಳಗೆ ಹೊಳೆಯುವ ಒರಟು ಮೈ ಬರಿಸಿ, ಕೆಲವೇ ಗಂಟೆಗಳೊಳಗೆ ಅಂಟು ಬಳಿಯಬೇಕು. ತುಂಗೆಯ ದಡದ ಶಿವಮೊಗ್ಗದಲ್ಲಿ, ಆಷಾಢದ ಮಳೆಯಲ್ಲಿ, ಇದು ಸುಲಭದ ಮಾತಲ್ಲ. ಗಾಳಿಯ ತೇವ ಹನಿಗಟ್ಟುವ ತಾಪಕ್ಕಿಂತ ಉಕ್ಕು ಕನಿಷ್ಠ 3 ಡಿಗ್ರಿ ಬೆಚ್ಚಗಿರಬೇಕೆಂಬುದು ರೂಢಿಯ ನಿಯಮ.

ತೇವದಿಂದ ಇನ್ನೊಂದು ಅಪಾಯವೂ ಇದೆ. ಹಳೆಯ ಟಾರ್ಚ್ ಸೆಲ್ ಒಂದನ್ನು ನೆನಪಿಸಿಕೊಳ್ಳಿ: ನಡುವೆ ಇಂಗಾಲದ ಕಡ್ಡಿ, ಸುತ್ತ ಸತುವಿನ ಡಬ್ಬಿ. ವಿದ್ಯುತ್ ಹರಿದಂತೆ ಸತು ಸವೆಯುತ್ತದೆ, ಇಂಗಾಲಕ್ಕೆ ಏನೂ ಆಗುವುದಿಲ್ಲ. ಇಂಗಾಲದ ಪಟ್ಟಿ ಉಕ್ಕಿಗೆ ನೇರವಾಗಿ ತಾಗಿ ನೀರು ಸೇರಿದರೆ ಸತುವಿನ ಪಾಲು ಉಕ್ಕಿಗೆ ಬರುತ್ತದೆ. ತುಕ್ಕು ತಡೆಯಲು ಹೊರಟವರೇ ತುಕ್ಕು ತಂದಂತೆ! ಅದಕ್ಕೆಂದೇ ನಡುವೆ ವಿದ್ಯುತ್ ಹರಿಯದ ಗಾಜಿನ ನಾರಿನ ತೆಳುಪದರ ಇಡುವುದುಂಟು.

ಇನ್ನು ಬಿಸಿಲು. 1 ಮೀಟರ್ ಉಕ್ಕು 30 ಡಿಗ್ರಿ ಹೆಚ್ಚು ಕಾದರೆ ಸುಮಾರು 0.36 ಮಿಲಿಮೀಟರ್ ಬೆಳೆಯುತ್ತದೆ. ಇಂಗಾಲದ ಪಟ್ಟಿ ಉದ್ದಕ್ಕೆ ಬೆಳೆಯುವುದೇ ಇಲ್ಲವೆನ್ನಬಹುದು. ಈ ಜಗ್ಗಾಟವನ್ನು ತಾಳಬೇಕಾದುದು ಅಂಟು. ಜೊತೆಗೆ, ಕೋಣೆಯ ತಾಪದಲ್ಲೇ ಗಟ್ಟಿಯಾಗುವ ಅನೇಕ ಎಪಾಕ್ಸಿಗಳು 50ರಿಂದ 65 ಡಿಗ್ರಿಯ ಆಸುಪಾಸಿನಲ್ಲಿ ಮೆದುವಾಗತೊಡಗುತ್ತವೆ. ಏಪ್ರಿಲ್ ಮಧ್ಯಾಹ್ನ ಬಿಸಿಲಿಗೆ ಬಿದ್ದ ಉಕ್ಕಿನ ಮೇಲೆ ಕೈಯಿಟ್ಟು ನೋಡಿದವರಿಗೆ ಈ ಅಂಕಿಗಳ ಮಹತ್ವ ತಿಳಿದೀತು.

ಒತ್ತಡ ಹೆಚ್ಚು ಸೇರುವುದು ಪಟ್ಟಿಯ ತುದಿಗಳಲ್ಲಿ. ಒಂದು ಮಿತಿ ದಾಟಿದ ಮೇಲೆ ಪಟ್ಟಿಯನ್ನು ಇಮ್ಮಡಿ ಉದ್ದ ಮಾಡಿದರೂ ಅಂಟಿನ ಹಿಡಿತ ಇಮ್ಮಡಿಯಾಗದು. ಆದ್ದರಿಂದ ತುದಿಯನ್ನು ಇಳಿಜಾರಾಗಿ ಸವರುತ್ತಾರೆ. ಎಪಾಕ್ಸಿ ಬಿಡುವಾಗ ಮುನ್ಸೂಚನೆ ಕೊಡುವುದು ಕಡಿಮೆ, ಒಮ್ಮೆಗೇ ಬಿಟ್ಟೀತು. ಹೀಗಾಗಿ ಪರೀಕ್ಷಕರು ಸಣ್ಣ ಸುತ್ತಿಗೆಯಿಂದ ಪಟ್ಟಿಯುದ್ದಕ್ಕೂ ಮೆಲ್ಲಗೆ ತಟ್ಟುತ್ತ ಹೋಗುತ್ತಾರೆ. ಪೊಳ್ಳು ಸದ್ದು ಕೇಳಿದ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಮೊದಲು ತುದಿಗಳನ್ನು ಮತ್ತೊಮ್ಮೆ ತಟ್ಟಿ ನೋಡುತ್ತಾರೆ.