ಕಪ್ಪು ಟ್ರಫಲ್ ಬೇಸಾಯ ಮತ್ತು ಸಂರಕ್ಷಣೆ: ಉದ್ಯಮಿಗಳು ಗಮನಿಸಬೇಕಾದ ಅಂಶಗಳು

ಯುರೋಪಿನ ಮಾರುಕಟ್ಟೆಯಲ್ಲಿ ಕಿಲೋವೊಂದಕ್ಕೆ ಸಾವಿರ ಯೂರೋ ದಾಟುವ ಕಪ್ಪು ಟ್ರಫಲ್ ಅನ್ನು ಹುಬ್ಬಳ್ಳಿ-ಧಾರವಾಡ ನಡುವಿನ ಸತ್ತೂರ ಪರಿಸರದ ಹೊಲಗಳಲ್ಲಿ ಬೆಳೆಯಲು ಸಾಧ್ಯವೇ? ವ್ಯಾಪಾರದ ಲಾಭದಲ್ಲಿ ಒಂದು ಪಾಲನ್ನು ದುಬಾರಿ ಬೆಳೆಗಳಲ್ಲಿ ತೊಡಗಿಸಬಯಸುವವರಿಗೆ ಇದು ಸಹಜವಾದ ಪ್ರಶ್ನೆ. 2003ರ ಸುಮಾರಿಗೆ ಗಗನಕ್ಕೇರಿ ಅಷ್ಟೇ ಬೇಗ ನೆಲಕಚ್ಚಿದ ವೆನಿಲ್ಲಾ ಬೆಲೆಯನ್ನು ಮಲೆನಾಡು ಇನ್ನೂ ಮರೆತಿಲ್ಲ. ಆದ್ದರಿಂದ ಬೆಲೆಯನ್ನು ನೋಡುವ ಮೊದಲು ಬೆಳೆಯ ಸ್ವಭಾವವನ್ನು ಅರಿಯುವುದು ಕ್ಷೇಮಕರ.

ಟ್ರಫಲ್ ಎಂಬುದು ನೆಲದೊಳಗೆ ಆಲೂಗಡ್ಡೆಯಂತೆ ಹುದುಗಿ ಬೆಳೆಯುವ ಒಂದು ಅಣಬೆ. ಕಪ್ಪು ಜಾತಿಯ ವೈಜ್ಞಾನಿಕ ನಾಮ ಟ್ಯೂಬರ್ ಮೆಲನೊಸ್ಪೋರಮ್. ಇದು ಹುಲ್ಲಿನ ಮೇಲೋ ಗೊಬ್ಬರದ ಮೇಲೋ ಬೆಳೆಯುವಂಥದಲ್ಲ. ಓಕ್, ಹೇಜಲ್ ಮೊದಲಾದ ಮರಗಳ ಬೇರಿನೊಡನೆ ಕೂಡಿ ಬದುಕುತ್ತದೆ. ಶಿಲೀಂಧ್ರವು ನೀರು ಮತ್ತು ಲವಣಾಂಶಗಳನ್ನು ಒದಗಿಸಿದರೆ ಮರವು ಸಕ್ಕರೆಯನ್ನು ಒದಗಿಸುತ್ತದೆ. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ ಇದೊಂದು ಪಾಲುದಾರಿಕೆ ಸಂಸ್ಥೆ. ಒಬ್ಬ ಪಾಲುದಾರ ಹೊರನಡೆದರೆ ಸಂಸ್ಥೆಯೇ ವಿಸರ್ಜನೆಗೊಳ್ಳುತ್ತದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸ್ ದೇಶದ ಉತ್ಪಾದನೆ ಸುಮಾರು 1000 ಟನ್‌ಗಳಷ್ಟಿತ್ತು. ಮಹಾಯುದ್ಧಗಳು ಹಾಗೂ ಹಳ್ಳಿಗಳಿಂದ ನಡೆದ ವಲಸೆಯಿಂದಾಗಿ ತೋಪುಗಳು ಪಾಳುಬಿದ್ದು ಅದು ಕೆಲವೇ ಹತ್ತು ಟನ್‌ಗಳಿಗೆ ಇಳಿಯಿತು. 1970ರ ದಶಕದಲ್ಲಿ ಅಲ್ಲಿನ ರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆಯು ಸಸಿಯ ಬೇರಿಗೆ ಶಿಲೀಂಧ್ರವನ್ನು ಮೊದಲೇ ಸೇರಿಸಿ ಮಾರಾಟಕ್ಕೆ ಒದಗಿಸುವ ವಿಧಾನವನ್ನು ರೂಪಿಸಿತು. ಇಂದು ಸ್ಪೇನಿನ ತೆರುಯೆಲ್ ಪ್ರಾಂತ್ಯ ಮುಂಚೂಣಿಯಲ್ಲಿರುವುದು, 1999ರಲ್ಲಿ ಆಸ್ಟ್ರೇಲಿಯದ ಟ್ಯಾಸ್ಮೇನಿಯದಲ್ಲಿ ಮೊದಲ ಟ್ರಫಲ್ ದೊರೆತದ್ದು ಈ ಸಸಿಗಳ ಫಲ. ಇಷ್ಟಾದರೂ ನೆಟ್ಟ ಮೇಲೆ ಫಸಲು ಕಾಣಲು ಆರರಿಂದ ಹತ್ತು ವರ್ಷ ಬೇಕು. ಎಲ್ಲ ಮರಗಳೂ ಫಲ ನೀಡುವುದಿಲ್ಲ. 2010ರಲ್ಲಿ ಈ ಅಣಬೆಯ ಜೀನೋಮ್ ಪ್ರಕಟವಾದ ಕಾಲಕ್ಕೆ ಇದಕ್ಕೆ ಒಂದು ಕಾರಣವೂ ತಿಳಿದುಬಂದಿತು. ಶಿಲೀಂಧ್ರದಲ್ಲಿ ಎರಡು ಸಂಗಾತಿ ಬಗೆಗಳಿದ್ದು, ಎರಡೂ ಕೂಡಿದರೆ ಮಾತ್ರ ಟ್ರಫಲ್ ಹುಟ್ಟುತ್ತದೆ. ಆದರೆ ಒಂದು ಮರದ ಬೇರನ್ನು ಸಾಮಾನ್ಯವಾಗಿ ಒಂದೇ ಬಗೆ ಆಕ್ರಮಿಸಿಕೊಳ್ಳುತ್ತದೆ.

ಈಗ ಸತ್ತೂರಿನ ಪ್ರಶ್ನೆಗೆ ಬರೋಣ. ಟ್ರಫಲ್‌ಗೆ ಸುಣ್ಣದಂಶ ಹೆಚ್ಚಿರುವ, ಪಿಎಚ್ 7.5ರಿಂದ 8.5ರವರೆಗಿನ, ನೀರು ನಿಲ್ಲದ ಮಣ್ಣು ಬೇಕು. ಧಾರವಾಡದ ಪೂರ್ವಭಾಗದ ಎರೆಭೂಮಿಯಲ್ಲಿ ಕ್ಷಾರಗುಣವೂ ಸುಣ್ಣದ ಹರಳೂ ಉಂಟು. ಆದರೆ ಎರೆಯ ಜಿಗುಟುತನ ನೀರನ್ನು ಬಸಿಯಗೊಡುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಟ್ರಫಲ್ ಬಲಿಯುವುದು ಮಂಜು ಹೆಪ್ಪುಗಟ್ಟುವ ಚಳಿಗಾಲದಲ್ಲಿ. ಇಲ್ಲಿ ಡಿಸೆಂಬರಿನ ಮಧ್ಯಾಹ್ನವೂ 28 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಮಣ್ಣು ಪರೀಕ್ಷೆಯ ವರದಿಯೊಂದನ್ನೇ ತೋರಿಸಿ ಯಾರಾದರೂ ಟ್ರಫಲ್ ಸಸಿ ಮಾರಲು ಬಂದರೆ ಹವಾಮಾನದ ದಾಖಲೆಯನ್ನೂ ಕೇಳುವುದು ಒಳಿತು. ಹತ್ತು ವರ್ಷ ಆದಾಯವಿಲ್ಲದೆ ಬಡ್ಡಿ ಬೆಳೆಯುವ ಬಂಡವಾಳಕ್ಕೆ ಹವಾಮಾನವೇ ಪ್ರತಿಕೂಲವಾದರೆ ಯೋಜನಾ ವರದಿಯ ಉಳಿದ ಪುಟಗಳನ್ನು ಓದುವ ಅಗತ್ಯವಿಲ್ಲ.

ಬೆಳೆದವರಿಗೂ ನೆಮ್ಮದಿ ಇಲ್ಲ. ಟ್ರಫಲ್‌ನ ಬೆಲೆ ಇರುವುದು ಅದರ ಪರಿಮಳದಲ್ಲಿ; ಆ ಪರಿಮಳವೋ ಆವಿಯಾಗಿ ಹೋಗುವಂಥದು. ಅಗೆದ ಮೇಲೂ ಅದು ಉಸಿರಾಡುತ್ತ ತೂಕವನ್ನೂ ಗಂಧವನ್ನೂ ಕಳೆದುಕೊಳ್ಳುತ್ತದೆ. ಒಣಗಿಸಿದರೆ ಪರಿಮಳ ಹೋಗುತ್ತದೆ, ಹೆಪ್ಪುಗಟ್ಟಿಸಿದರೆ ತಿರುಳು ಮೆತ್ತಗಾಗುತ್ತದೆ. ಡಬ್ಬಿಯಲ್ಲಿ ಮುಚ್ಚಿ ಬೇಯಿಸುವ ಫ್ರೆಂಚ್ ಪದ್ಧತಿಯಲ್ಲಿ ತೂಕದ ಗಣನೀಯ ಭಾಗ ರಸವಾಗಿ ಇಳಿಯುತ್ತದೆ. ಆ ರಸವನ್ನೂ ಪ್ರತ್ಯೇಕವಾಗಿ ಮಾರುತ್ತಾರೆ. ಉಪೋತ್ಪನ್ನದ ಲೆಕ್ಕ ಇಡುವವರು ಮೆಚ್ಚತಕ್ಕ ಜಾಣ್ಮೆ ಇದು. ಸೂಕ್ಷ್ಮ ರಂಧ್ರಗಳುಳ್ಳ ಪ್ಲಾಸ್ಟಿಕ್ ಹಾಳೆಯಲ್ಲಿ ಕಟ್ಟಿ 4 ಡಿಗ್ರಿಯಲ್ಲಿ ಇಟ್ಟರೆ ಸುಮಾರು ನಾಲ್ಕು ವಾರ ಉಳಿಯುತ್ತದೆಂಬುದು ಸ್ಪೇನಿನ ಸಂಶೋಧಕರ ಪ್ರಯೋಗಗಳಿಂದ ತಿಳಿದುಬಂದಿದೆ. ಅಂಗಡಿಗಳಲ್ಲಿ ದೊರೆಯುವ 'ಟ್ರಫಲ್ ಎಣ್ಣೆ'ಯ ಬಹುಪಾಲು ಕೃತಕ ಸುವಾಸನೆ ಬೆರೆಸಿದ ಸಾದಾ ಎಣ್ಣೆ ಎಂಬುದನ್ನು ಹೋಟೆಲ್ ಉದ್ಯಮದವರು ನೆನಪಿಡಬೇಕು.

ಕರ್ನಾಟಕಕ್ಕೆ ತನ್ನದೇ ಆದ ಟ್ರಫಲ್ ಸಂಬಂಧಿಕ ಇಲ್ಲದಿಲ್ಲ. ಮುಂಗಾರಿನ ಆರಂಭದಲ್ಲಿ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಸಂತೆಗಳಿಗೆ ಬರುವ ಕಲ್ಲಣಬೆ ವೈಜ್ಞಾನಿಕವಾಗಿ ಬೇರೆ ಕುಲದ್ದಾದರೂ ನಡತೆಯಲ್ಲಿ ಟ್ರಫಲ್‌ನಂತೆಯೇ. ಅದೂ ಎಳೆಯದಿರುವಾಗ ಮಣ್ಣಿನಲ್ಲಿ ಹುದುಗಿರುತ್ತದೆ; ಅದಕ್ಕೂ ಧೂಪ, ಕಿರಾಲಬೋಗಿಯಂಥ ಮರಗಳ ಬೇರಿನ ಸಂಗ ಬೇಕು. ಟ್ರಫಲ್ ಗುಡುಗಿನಿಂದ ಹುಟ್ಟುತ್ತದೆಂದು ಪ್ರಾಚೀನ ರೋಮನರು ನಂಬಿದ್ದರು. ಗುಡುಗಿಗೆ ಅಣಬೆ ಏಳುತ್ತದೆಂಬ ಮಾತು ನಮ್ಮಲ್ಲಿಯೂ ಇದೆ. ಕಲ್ಲಣಬೆಯನ್ನು ಸೀಳಿದಾಗ ಒಳಗೆ ಬೆಳ್ಳಗಿದ್ದರೆ ಮಾತ್ರ ತಿನ್ನಲು ಯೋಗ್ಯ. ಬಲಿತರೆ ಒಳಗೆಲ್ಲ ಕಪ್ಪು ಪುಡಿ. ಹೀಗಾಗಿ ಕಿಲೋಗೆ ನೂರಾರು ರೂಪಾಯಿ ಬೆಲೆಯಿದ್ದರೂ ವ್ಯಾಪಾರ ಕೆಲವೇ ವಾರಗಳದು. ಮಂಗಳೂರು ವಿಶ್ವವಿದ್ಯಾಲಯದ ಸಂಶೋಧಕರು ಅದರ ಎರಡು ಪ್ರಭೇದಗಳನ್ನು ಅಧ್ಯಯನ ಮಾಡಿದ್ದಾರೆ. ಥಾಯ್ಲೆಂಡಿನಲ್ಲಿ ಇದೇ ಕುಲದ ಅಣಬೆಯನ್ನು ಉಪ್ಪುನೀರಿನಲ್ಲಿ ಡಬ್ಬಿ ತುಂಬಿ ರಫ್ತು ಮಾಡುತ್ತಾರೆ. ಹತ್ತು ವರ್ಷ ಕಾಯಬೇಕಾದ ತೋಪಿಗಿಂತ ಇಂಥ ಡಬ್ಬಿಯ ಪ್ರಯೋಗಕ್ಕೆ ತಗಲುವ ವೆಚ್ಚ ಅತ್ಯಲ್ಪ. ನಮ್ಮ ಆಹಾರ ಸಂಸ್ಕರಣಾ ಘಟಕಗಳು ಯೋಚಿಸಬೇಕಾದ ದಿಕ್ಕು ಇದು.

ಮರದ ಹಂಗಿಲ್ಲದೆ ಸತ್ತೂರಿನ ಶೆಡ್ಡಿನಲ್ಲಿಯೇ ಬೆಳೆಯಬಲ್ಲವು ಚಿಪ್ಪು ಅಣಬೆ ಮತ್ತು ಹಾಲು ಅಣಬೆ. ಭತ್ತದ ಹುಲ್ಲು, ಸೋಯಾ ಹೊಟ್ಟು ಸಾಕು. ಚಿಪ್ಪು ಅಣಬೆ ಬೀಜ ಹಾಕಿದ ನಾಲ್ಕು ವಾರದೊಳಗೆ ಕೊಯ್ಲಿಗೆ ಬರುತ್ತದೆ. ಹಾಲು ಅಣಬೆ ಬೇಸಿಗೆಯ ಸೆಕೆಯನ್ನು ತಾಳುತ್ತದೆ. ಹತ್ತು ಕಿಲೋ ಹಸಿ ಚಿಪ್ಪು ಅಣಬೆ ಒಣಗಿದರೆ ಸುಮಾರು ಒಂದು ಕಿಲೋ ಆಗುವುದರಿಂದ, ಒಣಗಿಸಿ ಮಾರುವವರು ದರ ನಿಗದಿಪಡಿಸುವಾಗ ಈ ಅನುಪಾತವನ್ನು ಮರೆಯಬಾರದು.

ತೆರಿಗೆಯ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಟ್ರೇಗಳಲ್ಲಿ ಬೆಳೆದ ಬಟನ್ ಅಣಬೆಯ ಆದಾಯ ಕೃಷಿ ಆದಾಯವೆಂದು 2018ರಲ್ಲಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಹೈದರಾಬಾದ್ ವಿಶೇಷ ಪೀಠವು ಇನ್‌ವೆಂಟಾ ಇಂಡಸ್ಟ್ರೀಸ್ ಪ್ರಕರಣದಲ್ಲಿ ತೀರ್ಪಿತ್ತಿತು. ಟ್ರೇಗೆ ತುಂಬಿದ ಮಣ್ಣೂ ಭೂಮಿಯೇ ಎಂಬುದು ಆ ತೀರ್ಪಿನ ಆಧಾರ. ಹಾಲು ಅಣಬೆಗೆ ಮೇಲುಹೊದಿಕೆಯಾಗಿ ಮಣ್ಣು ಹಾಕುತ್ತಾರೆ. ಚಿಪ್ಪು ಅಣಬೆಗೆ ಮಣ್ಣೇ ಇಲ್ಲ. ಆದ್ದರಿಂದ ಹುಲ್ಲಿನ ಚೀಲದಲ್ಲಿ ಚಿಪ್ಪು ಅಣಬೆ ಬೆಳೆಯುವವರು ಆ ತೀರ್ಪನ್ನು ತಮಗೂ ಅನ್ವಯಿಸುತ್ತದೆಂದು ಕಣ್ಣುಮುಚ್ಚಿ ಭಾವಿಸುವಂತಿಲ್ಲ. ಡಬ್ಬಿ ತುಂಬಿ ಮಾರಿದರೆ ಸಂಸ್ಕರಣೆಯ ಲಾಭ ವ್ಯವಹಾರದ ಆದಾಯವಾಗುತ್ತದೆ. ಜಿಎಸ್‌ಟಿಯಲ್ಲಿ ಹಸಿ ಅಣಬೆ ತರಕಾರಿಯ 7ನೆಯ ಅಧ್ಯಾಯಕ್ಕೆ ಸೇರಿದರೆ, ಡಬ್ಬಿಯದು 2003 ಎಂಬ ಶೀರ್ಷಿಕೆಗೆ ಸೇರುತ್ತದೆ. ಆ ಶೀರ್ಷಿಕೆಯಡಿ ಅಣಬೆಯೂ ಟ್ರಫಲ್ಲೂ ಒಂದೇ ಸಾಲಿನಲ್ಲಿವೆ.