ಹಳೆಯ ಗಡಿಯಾರ, ಹೊಸ ಮುಖ

ಸಂಗ್ರಹವೆಂಬುದೂ ಒಂದು ಬಗೆಯ ವ್ಯಸನವೇ. ಅಂಚೆಚೀಟಿಗಳನ್ನೂ ನಾಣ್ಯಗಳನ್ನೂ ಕೂಡಿಡುವವರನ್ನು ಲೋಕ ಬಲ್ಲದು. ನಿಂತುಹೋದ ಕೈಗಡಿಯಾರಗಳಿಗೆ ಹಣ ತೆತ್ತು ತರುವವನನ್ನು ಮಾತ್ರ ಸ್ವಂತ ಮನೆಯವರೂ ಸಂಶಯದಿಂದಲೇ ನೋಡುತ್ತಾರೆ. ಚಳ್ಳಕೆರೆಯ ನಮ್ಮ ಮನೆಯ ಬೀರುವಿನಲ್ಲಿ ಅಂಥವು ಹದಿನಾಲ್ಕಿವೆ. “ಇಷ್ಟು ಗಡಿಯಾರಗಳಿದ್ದೂ ಕಾಲೇಜಿಗೆ ಹೊರಡುವುದು ತಡವಾಗಿಯೇ” ಎಂಬುದು ನನ್ನಾಕೆಯ ನಿತ್ಯದ ಟೀಕೆ.

ನಾನು ಕೂಡಿಡುವುದು ಎಲ್ಲ ಗಡಿಯಾರಗಳನ್ನೂ ಅಲ್ಲ. ಶುಭಕಾರ್ಯಗಳಿಗೆ ಒಳ್ಳೆಯ ಉಡುಪು ತೊಟ್ಟಾಗ ಕಟ್ಟಿಕೊಳ್ಳಲೆಂದು ಮಾಡಿದ, ಕೀಲಿ ಕೊಡುವ ತೆಳುಗಡಿಯಾರಗಳನ್ನು ಮಾತ್ರ. ಇವುಗಳ ಶೀಲವೇ ಸಂಕೋಚ. ಮುಖದಲ್ಲಿ ಅಲಂಕಾರ ಕಡಿಮೆ, ಚರ್ಮದ ಪಟ್ಟಿ, ಅಂಗಿಯ ತೋಳಿನಡಿ ಅಡಗಿದ್ದು ಬೇಕಾದಾಗಷ್ಟೇ ಇಣುಕುವ ವಿನಯ. ಸ್ವಿಟ್ಜರ್ಲೆಂಡಿನ ಪಾಟೆಕ್ ಫಿಲಿಪ್ ಸಂಸ್ಥೆ 1932ರಲ್ಲಿ ಹೊರತಂದ ಕಲಟ್ರಾವಾ ಈ ಕುಲಕ್ಕೆ ಮಾದರಿ. ಅದರ ಬೆಲೆ ಕೇಳಿದರೆ ಅಧ್ಯಾಪಕನ ಎದೆಬಡಿತವೇ ನಿಂತೀತು! ನಮ್ಮಂಥವರ ಪಾಲಿನ ಕಲಟ್ರಾವಾ ಎಂದರೆ ಎಚ್.ಎಂ.ಟಿ.ಯ ‘ಸೋನಾ’.

ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ 1961ರಲ್ಲಿ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಗಡಿಯಾರಗಳ ತಯಾರಿಕೆ ಮೊದಲಾಯಿತು. ಮುಂದೆ ತುಮಕೂರಿನಲ್ಲಿಯೂ ಕಾರ್ಖಾನೆ ಎದ್ದಿತು. ‘ಜನತಾ’ ದಿನದ ದುಡಿಮೆಯ ಗಡಿಯಾರವಾದರೆ, ಚಿನ್ನದ ಗಿಲೀಟಿನ ‘ಸೋನಾ’ ಮದುವಣಿಗನದು. 1969ರಲ್ಲಿ ಜಪಾನಿನ ಸೀಕೋ ಕ್ವಾರ್ಟ್ಸ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಮೇಲೆ ಕೀಲಿಯ ಗಡಿಯಾರಗಳಿಗೆ ಎಲ್ಲೆಡೆ ಕಷ್ಟಕಾಲ ಬಂದಿತು. 2016ರಲ್ಲಿ ಕೇಂದ್ರ ಸರ್ಕಾರ ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು. ಮುಚ್ಚಿದ್ದೇ ತಡ, ಮರೆತವರಿಗೆಲ್ಲ ನೆನಪು ಮರುಕಳಿಸಿತು, ಬೆಲೆಯೂ ಏರಿತು. ಬೆಲೆಯ ಬೆನ್ನಿಗೇ ಮೋಸವೂ ಬಂದಿತು. ಮೂರು ಗಡಿಯಾರಗಳ ಅಂಗಾಂಗ ಕೂಡಿಸಿ ಒಂದನ್ನು ಕಟ್ಟುವುದು, ಮಾಸಿದ ಡಯಲಿಗೆ ಬಣ್ಣ ಬಳಿದು ಹೊಸತೆಂದು ಮಾರುವುದು! ಭೂತಗನ್ನಡಿ ಹಿಡಿದರೆ ಗುಟ್ಟು ಬಯಲಾಗುತ್ತದೆ: ಅಕ್ಷರಗಳು ದಪ್ಪಗಾಗಿರುತ್ತವೆ, ನಿಮಿಷದ ಗೀಟುಗಳು ಗಂಟೆಯ ಗುರುತಿಗಿಂತ ಕೂದಲೆಳೆಯಷ್ಟು ಸರಿದಿರುತ್ತವೆ.

ಇಷ್ಟೆಲ್ಲ ಬಲ್ಲ ನಾನೇ ಎಡವಿದೆ. ನನ್ನ ತಾಯಿಯ ತವರು ಮೊಳಕಾಲ್ಮೂರು. 1981ರ ಮದುವೆಯಲ್ಲಿ ಅಜ್ಜ ಅಳಿಯನಿಗೆ ಒಂದು ಸೋನಾ ಕಟ್ಟಿದರಂತೆ. ಮಗಳಿಗೆ ಊರಿನ ಮಗ್ಗದಲ್ಲಿ ನೇಯ್ದ ರೇಷ್ಮೆ ಸೀರೆ. ಎರಡೂ ಒಂದೇ ಟ್ರಂಕಿನಲ್ಲಿ ಬಾಳಿದವು. ಹಬ್ಬ ಮದುವೆಗಳಲ್ಲಿ ಸೀರೆ ಹೊರಬಂದಾಗ ಗಡಿಯಾರವೂ ಬರುತ್ತಿತ್ತು. ತಂದೆ ತೀರಿಕೊಂಡಮೇಲೆ ಅದನ್ನು ಪಡೆದ ನಾನು, ಮಂಕಾದ ಮುಖವನ್ನು ತೊಳೆಸೋಣವೆಂದು ದೂರದ ನಗರದ ಅಂಗಡಿಯೊಂದಕ್ಕೆ ಕೊಟ್ಟೆ. ತೊಳೆಯಲು ಹೇಳಿದ್ದೆ, ಅವರು ಮುಖವನ್ನೇ ಹೊಸದಾಗಿ ಬರೆದುಕೊಟ್ಟರು. ಫಳಫಳಿಸುವ ಗಡಿಯಾರವನ್ನು ಅಮ್ಮ ಅಂಗೈಯಲ್ಲಿಟ್ಟು ನೋಡಿದರು. “ಚೆನ್ನಾಗಿದೆ. ಆದರೆ ಇದು ಅವರದ್ದಲ್ಲ” ಎಂದು ಹಿಂದಿರುಗಿಸಿದರು.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ವಿದ್ಯಾರ್ಥಿಗಳನ್ನು ಎಷ್ಟೋ ಸಲ ಕರೆದೊಯ್ದಿದ್ದೇನೆ. ಬಿ. ಎಲ್. ರೈಸರು 1892ರಲ್ಲಿ ಗುರುತಿಸಿದ ಅಶೋಕನ ಶಾಸನ ಅಲ್ಲಿದೆ. ಸವೆದ ಅಕ್ಷರಗಳನ್ನು ಮತ್ತೆ ಉಳಿಯಿಂದ ತಿದ್ದಿದರೆ ಓದು ಸುಲಭವಾದೀತು, ಶಾಸನ ಮಾತ್ರ ಸತ್ತುಹೋದೀತೆಂದು ಬಂಡೆಯ ಮುಂದೆ ನಿಂತು ಉಪದೇಶಿಸಿದವನು ನಾನೇ. ನನ್ನ ಮನೆಯ ಶಾಸನದ ವಿಷಯದಲ್ಲಿ ಆ ವಿವೇಕ ಎಲ್ಲಿ ಹೋಗಿತ್ತೋ!

ಖಿನ್ನನಾಗಿ ಅದನ್ನು ನಮ್ಮೂರಿನ ಹಿರಿಯ ಗಡಿಯಾರ ರಿಪೇರಿಯವರಲ್ಲಿಗೆ ಒಯ್ದೆ. ಅವರು ಡಯಲಿನ ಕಡೆ ನೋಡಲೂ ಇಲ್ಲ. ಬೆನ್ನಿನ ಮುಚ್ಚಳ ತೆಗೆದು, ಒಳಮೈಯನ್ನು ಬೆಳಕಿಗೆ ಹಿಡಿದು, ಭೂತಗನ್ನಡಿಯನ್ನು ನನ್ನ ಕೈಗಿತ್ತರು. ಸೂಜಿಮೊನೆಯಿಂದ ಗೀಚಿದ ಸಣ್ಣ ಅಂಕಿಗಳು: 87, 93, 99. ಪಕ್ಕದಲ್ಲೊಂದು ಅಕ್ಷರ. “ರಿಪೇರಿ ಮಾಡಿದಾಗಲೆಲ್ಲ ನಾವು ಹಾಕೋ ಗುರುತು, ಮೇಷ್ಟ್ರೇ. ಈ ಅಕ್ಷರ ನನ್ನದೇ. ಮುಖ ಹೋಯ್ತು, ಒಳಗಿನ ಯಂತ್ರ ನಿಮ್ಮ ತಂದೆಯವರದ್ದೇ.” ಬ್ರಹ್ಮಗಿರಿಯ ಶಾಸನದ ಕೊನೆಗೂ ಹೀಗೆಯೇ ಲಿಪಿಕಾರ ಚಪಡನು ತನ್ನ ಹೆಸರು ನಿಲ್ಲಿಸಿದ್ದಾನೆ, ‘ಲಿಪಿಕಾರ’ನೆಂಬ ಮಾತನ್ನು ದೂರದ ವಾಯವ್ಯ ಸೀಮೆಯ ಖರೋಷ್ಠಿಯಲ್ಲಿ ಕೊರೆದಿದ್ದಾನೆ. ಕೆಲಸಗಾರನ ಸಹಿ ಯಾವ ಕಾಲದಲ್ಲಿಯೂ ಮೂಲೆಯಲ್ಲಿಯೇ.

ಮನೆಗೆ ಬಂದು ಅಮ್ಮನಿಗೆ ಆ ಅಂಕಿಗಳನ್ನು ತೋರಿಸಿದೆ. ಬಹಳ ಹೊತ್ತು ನೋಡಿದರು. “ತೊಂಬತ್ತೊಂಬತ್ತು... ನಿನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕಟ್ಟಿ ಕಳಿಸಿದ್ದರು. ಬೀಳಿಸಿಕೊಂಡು ಬಂದಿದ್ದೆ. ನಿನಗೆ ಹೇಳಬೇಡವೆಂದು ತಾವೇ ರಿಪೇರಿಗೆ ಕೊಟ್ಟಿದ್ದರು.”

ಇಪ್ಪತ್ತೈದು ವರ್ಷ ನನಗೆ ತಿಳಿಯದಿದ್ದ ಸಂಗತಿ ಇದು. ಅಮ್ಮ ಗಡಿಯಾರಕ್ಕೆ ತಾವೇ ಕೀಲಿ ಕೊಟ್ಟು, ಕಿವಿಗೆ ಹಿಡಿದು ಕೇಳಿ, ರೇಷ್ಮೆ ಸೀರೆಯ ಮಡಿಕೆಯಲ್ಲಿಟ್ಟರು. ಬೀರುವಿನಲ್ಲಿ ಹದಿನಾಲ್ಕಿವೆಯೆಂದೆನಲ್ಲ, ಅದು ಆ ಲೆಕ್ಕಕ್ಕೆ ಸೇರಿಲ್ಲ.