ಐದು ಹೆಂಚು

ಬನಶಂಕರಿಯ ನಮ್ಮ ಮನೆಯ ಮಹಡಿ ಕೋಣೆಗೆ ಹೊಸ ಮಂಗಳೂರು ಹೆಂಚು ಹೊದಿಸಿ ಎರಡು ತಿಂಗಳೂ ಆಗಿರಲಿಲ್ಲ. ಸೋಲಾರ್ ಪೈಪು ಹಾಕಲು ಬಂದವರು ಅದರ ಮೇಲೆಯೇ ಓಡಾಡಿದರು. ಆ ರಾತ್ರಿಯ ಮಳೆಗೆ ಮೊಮ್ಮಗಳ ಚಿತ್ರದ ಪುಸ್ತಕ ನೆನೆದು ಮುದ್ದೆಯಾಯಿತು.

"ಹೆಂಚು ಮೊದಲೇ ಒಡೆದಿತ್ತು ಸಾರ್" ಎಂದರು ಕಂಟ್ರಾಕ್ಟರ್. ನನಗೆ ಸಿಟ್ಟು ನೆತ್ತಿಗೇರಿತು. ಮೊಮ್ಮಗಳು, "ತಾತ, ಹೆಂಚು ಹಾಕಿದ ದಿನ ನಾನು ಫೋಟೋ ತೆಗೆದಿದ್ದೆ" ಎಂದಳು. ಬ್ಯಾಂಕಿನಲ್ಲಿ ನಾನು ಕಲಿತದ್ದೂ ಅದೇ: ಬಾಯಿಮಾತಿಗಿಂತ ವೋಚರು ಗಟ್ಟಿ. ತಾರೀಖಿನ ಸಮೇತ ಫೋಟೋ ಲಗತ್ತಿಸಿ ಪತ್ರ ಬರೆದುಕೊಟ್ಟೆ.

ಅವರು ಒಪ್ಪಿದರು. ಆದರೆ, "ಆ ಹುಡುಗನ ಕೂಲಿಯಲ್ಲಿ ಹಿಡಿದುಕೊಳ್ತೀನಿ" ಎಂದರು.

"ಎಲ್ಲಿ ಕಾಲಿಡಬೇಕು ಅಂತ ಅವನಿಗೆ ಹೇಳಿಕೊಟ್ಟಿದ್ದಿರಾ?" ಎಂದು ಕೇಳಿದೆ. ಸುಮ್ಮನಾದರು. ಕೂಲಿ ಹಿಡಿಯಲಿಲ್ಲ.

ಮಕ್ಕಳೇ, ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಈ ಹೆಂಚುಗಳು ಒಂದರ ಅಂಚಿಗೆ ಇನ್ನೊಂದು ಸಿಕ್ಕಿಕೊಂಡು ಕೂರುತ್ತವೆ. ಹಾಗಾಗಿ ಒಡೆದದ್ದನ್ನಷ್ಟೇ ತೆಗೆದು ಬದಲಿಸಬಹುದು. ನಮ್ಮಲ್ಲಿ ಐದು ಬದಲಾದವು. ಪೈಪಿನಿಂದ ನೀರು ಬಿಟ್ಟು, ಹನಿಯೂ ಸೋರದ್ದನ್ನು ನೋಡಿದ ಮೇಲೆ ಬಾಕಿ ಹಣ ಕೊಟ್ಟೆ.

ಹಿರಿಯರೇ, ಮಾತಿಗೆ ಬಗ್ಗದವರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ನನಗೆ ಅದು ಬೇಕಾಗಲಿಲ್ಲ. ಈ ಸಲ ಆ ಹುಡುಗ ಹಲಗೆ ಹಾಸಿಕೊಂಡು ಹತ್ತಿದ. ಕೆಳಗೆ ಮೊಮ್ಮಗಳು ಏಣಿ ಹಿಡಿದು ನಿಂತಿದ್ದಳು.